ಸ್ಕೂಬಾನೋ, ಸ್ಯಾಚುರೇಷನ್ನೋ? ಮೇಲೆ ಬರುವ ಹೊತ್ತು ನೋಡಿ ಆರಿಸಿ

ವಾಸ್ಕೋದ ಬೈನಾದಲ್ಲಿ ನಮ್ಮ ಮನೆಯ ಹಿಂದಿನ ಚಾಳಿನಲ್ಲಿ ಗದಗದ ಕಡೆಯ ಒಂದು ಕುಟುಂಬವಿದೆ. ಅಪ್ಪ ಗೌಂಡಿ, ಮಗ ಐಟಿಐ ಮುಗಿಸಿದ ವೆಲ್ಡರ್. ಹೋದ ತಿಂಗಳು ಒಂದು ಸಂಜೆ ಹುಡುಗ ಮೊಬೈಲ್ ಹಿಡಿದುಕೊಂಡೇ ಮೆಟ್ಟಿಲು ಹತ್ತಿ ಬಂದ.

“ಕಾಕಾ, ಇಲ್ನೋಡ್ರಿ. ಈಜಿಪ್ಟಿನಾಗ ಒಬ್ಬಾಂವ ಸ್ಕೂಬಾ ಹಾಕ್ಕೊಂಡು 332 ಮೀಟರ್ ಹೋಗ್ಯಾನ. ನಿಮ್ಮ ಬಾಂಬೆ ಹೈನಾಗ ಎಪ್ಪತ್ತು ಎಂಬತ್ತಕ್ಕ ನಿಂದರತಾರ. ಅಂದಮ್ಯಾಲೆ ಸ್ಕೂಬಾನ ದೊಡ್ಡದಲ್ಲೇನ್ರಿ? ನಾ ಯಾವ ಕೋರ್ಸ್ ಮಾಡ್ಲಿ?”

ನಾನು ಕಾರವಾರದವನು. ಹತ್ತೊಂಬತ್ತು ವರ್ಷ ಮುಂಬೈ ಕಡಲಿನ ಡೈವಿಂಗ್ ಹಡಗುಗಳಲ್ಲಿ ಲೈಫ್ ಸಪೋರ್ಟ್ ಟೆಕ್ನೀಷಿಯನ್ ಆಗಿದ್ದೆ. ಡೈವರ್‌ಗಳು ಚೇಂಬರಿನೊಳಗೆ, ಅಂದರೆ ಒತ್ತಡ ತುಂಬಿದ ಉಕ್ಕಿನ ಕೋಣೆಯೊಳಗೆ ಇದ್ದಷ್ಟು ದಿನ ಹೊರಗೆ ಪ್ಯಾನೆಲ್ ಮುಂದೆ ಕೂತು ಅವರ ಒತ್ತಡ, ಆಕ್ಸಿಜನ್, ಬಿಸಿ, ಊಟ, ಕಕ್ಕಸಿನ ನೀರು ಎಲ್ಲವನ್ನೂ ನೋಡಿಕೊಳ್ಳುವ ಕೆಲಸ. ಗೋವಾದಲ್ಲಿ, ಮುಂಬೈಯಲ್ಲಿ, ಪುಣೆಯಲ್ಲಿ ಇರುವ ನಮ್ಮ ಹುಡುಗರು ಈ ಪ್ರಶ್ನೆಯನ್ನು ಆಗಾಗ ಕೇಳುತ್ತಾರೆ. ಪ್ರತಿಯೊಬ್ಬರಿಗೂ ಬಿಡಿಬಿಡಿಯಾಗಿ ಹೇಳುವ ಬದಲು ಇಲ್ಲಿ ಬರೆದಿಡುತ್ತಿದ್ದೇನೆ.

ಆ ಹುಡುಗನಿಗೆ ಮೊದಲು ಹೇಳಿದ್ದು ಇಷ್ಟು. ಅಹ್ಮದ್ ಗಬ್ರ್ 2014ರ ಸೆಪ್ಟೆಂಬರಿನಲ್ಲಿ ಕೆಂಪು ಸಮುದ್ರದ ದಹಬ್‌ನಲ್ಲಿ ಸ್ಕೂಬಾದಲ್ಲಿ, ಅಂದರೆ ತಾನೇ ಹೊತ್ತ ಸಿಲಿಂಡರುಗಳ ಉಸಿರಿನಲ್ಲಿ, 332.35 ಮೀಟರ್ ಇಳಿದು ಗಿನ್ನೆಸ್ ದಾಖಲೆ ಮಾಡಿದ್ದು ಹೌದು. ಇಳಿಯಲು ಹಿಡಿದದ್ದು ಕಾಲು ಗಂಟೆ. ಮೇಲೆ ಬರಲು ಹಿಡಿದದ್ದು ಹದಿಮೂರು ಗಂಟೆಗೂ ಹೆಚ್ಚು. ತಳದಲ್ಲಿ ಮಾಡಿದ ಕೆಲಸವೆಂದರೆ ಅಷ್ಟು ಆಳ ಮುಟ್ಟಿದ್ದಕ್ಕೆ ಸಾಕ್ಷಿ ಹಿಡಿದು ತಿರುಗಿದ್ದು. ಹುಡುಗ ಹೇಳಿದ ಬಾಂಬೆ ಹೈ, ಅಂದರೆ ಮುಂಬೈ ಆಚೆ ಕಡಲಿನ ತೈಲ ಕ್ಷೇತ್ರ ಮುಂಬೈ ಹೈನಲ್ಲಿ ಸುಮಾರು 75 ಮೀಟರ್ ಆಳದ ತಳದಲ್ಲಿ ನಿಂತ ಡೈವರ್ ಪಾಳಿಯೊಂದಕ್ಕೆ ಆರು ಗಂಟೆಯವರೆಗೆ ಬೋಲ್ಟ್ ಬಿಗಿಯುತ್ತಾನೆ, ಪೈಪ್ ಕೂಡಿಸುತ್ತಾನೆ, ವೆಲ್ಡಿಂಗ್ ಮಾಡುತ್ತಾನೆ. ಮರುದಿನ ಮತ್ತೆ ಅದೇ. ಹೀಗೆ ಮೂರು ನಾಲ್ಕು ವಾರ. ಕೊನೆಗೆ ಒಮ್ಮೆ ಮಾತ್ರ, ಮೂರು ನಾಲ್ಕು ದಿನ ತೆಗೆದುಕೊಂಡು, ದಡದ ಒತ್ತಡಕ್ಕೆ ಬರುತ್ತಾನೆ. ಇದೇ ಸ್ಯಾಚುರೇಷನ್ ಡೈವಿಂಗ್, ನಮ್ಮ ಬಾಯಲ್ಲಿ ಸ್ಯಾಟ್.

ಈ ಎರಡನ್ನೂ ಮೀಟರ್ ಲೆಕ್ಕದಲ್ಲಿ ಪಕ್ಕಪಕ್ಕ ಇಟ್ಟು ತೂಗಿದರೆ ದಾರಿ ತಪ್ಪುತ್ತದೆ. ಯಾವ ಡೈವಿಂಗ್ ಆದರೂ ಎರಡು ಪ್ರಶ್ನೆ ಕೇಳಬೇಕು: ಮೇಲೆ ಬರಲು ಎಷ್ಟು ಹೊತ್ತು ಬೇಕು? ಅಷ್ಟು ಹೊತ್ತು ನಿನ್ನ ಉಸಿರು ಯಾರ ಕೈಯಲ್ಲಿರುತ್ತದೆ?

ನೀರಿನ ಲೆಕ್ಕ

ಪ್ರತಿ 10 ಮೀಟರಿಗೆ ಒಂದು ವಾತಾವರಣದಷ್ಟು ಒತ್ತಡ ಏರುತ್ತದೆ. ದಡದಲ್ಲಿ 1 ಇದ್ದದ್ದು 10 ಮೀಟರಿನಲ್ಲಿ 2, 40ರಲ್ಲಿ 5, 300ರಲ್ಲಿ 31. ಸಮಾಧಾನದಿಂದ ಈಜುವವನು ದಡದ ಲೆಕ್ಕದಲ್ಲಿ ನಿಮಿಷಕ್ಕೆ 20 ಲೀಟರ್ ಗಾಳಿ ಎಳೆಯುತ್ತಾನೆ ಎಂದುಕೊಳ್ಳಿ. 12 ಲೀಟರಿನ ಸಿಲಿಂಡರಿಗೆ 200 ಬಾರ್ ತುಂಬಿಸಿದರೆ 2400 ಲೀಟರ್ ಆಯಿತು. 10 ಮೀಟರಿನಲ್ಲಿ ಅದು ಒಂದು ಗಂಟೆ ಬರುತ್ತದೆ. 40ರಲ್ಲಿ 24 ನಿಮಿಷ. 300ರಲ್ಲಿ ನಾಲ್ಕು ನಿಮಿಷವೂ ಬರುವುದಿಲ್ಲ. ಬೆನ್ನಿಗೆ ಕಟ್ಟಿಕೊಂಡು ಹೋಗುವವನ ಮೊದಲ ಮಿತಿ ಇದೇ.

ಗಾಳಿಯ ಗುಣವೂ ಆಳದಲ್ಲಿ ಬದಲಾಗುತ್ತದೆ. 30 ಮೀಟರ್ ದಾಟುತ್ತಿದ್ದಂತೆ ನೈಟ್ರೋಜನ್ ಅಮಲೇರಿಸತೊಡಗುತ್ತದೆ. ಗೇಜಿನ ಮುಳ್ಳು ಕಾಣುತ್ತದೆ, ಅದರ ಅರ್ಥ ತಲೆಗೆ ಹತ್ತುವುದಿಲ್ಲ. ಇನ್ನೂ ಕೆಳಗೆ ಆಕ್ಸಿಜನ್ನೇ ವಿಷ. ಅದರ ಒತ್ತಡ 1.4 ಬಾರ್ ದಾಟದಂತೆ ಇಟ್ಟುಕೊಳ್ಳುವುದು ಇಂದಿನ ರೂಢಿ, 1.6 ಎಂದರೆ ಕಟ್ಟಕಡೆಯ ಗೆರೆ. ಸಾಮಾನ್ಯ ಗಾಳಿಯಲ್ಲಿ ಮೊದಲನೆಯದು 57 ಮೀಟರ್ ಹತ್ತಿರ, ಎರಡನೆಯದು 66 ಮೀಟರಿನಲ್ಲಿ ಬರುತ್ತದೆ. ಅದರಾಚೆ ಯಾವ ಮುನ್ಸೂಚನೆಯೂ ಇಲ್ಲದೆ ಫಿಟ್ಸ್ ಬರಬಹುದು, ಬಾಯಲ್ಲಿರುವ ರೆಗ್ಯುಲೇಟರ್ ಜಾರಬಹುದು. ನೀರಿನಡಿಯಲ್ಲಿ ಅದರ ಪರಿಣಾಮ ಒಂದೇ.

ಮೂರನೆಯದನ್ನು ಜನ ಮರೆಯುತ್ತಾರೆ. ಒತ್ತಡ ಏರಿದಂತೆ ಗಾಳಿ ದಪ್ಪಗಾಗುತ್ತದೆ. ಎಳೆಯಬಹುದು, ಆದರೆ ಪೂರ್ತಿ ಹೊರಗೆ ದೂಡಲು ಎದೆ ಸೋಲುತ್ತದೆ. ಒಳಗೆ ಇಂಗಾಲದ ಡೈಆಕ್ಸೈಡ್ ಉಳಿಯುತ್ತದೆ. ಉಳಿದಷ್ಟೂ ಏದುಸಿರು, ಏದುಸಿರು ಬಿಟ್ಟಷ್ಟೂ ಅದು ಇನ್ನಷ್ಟು ಹುಟ್ಟುತ್ತದೆ. ಲೀಟರಿಗೆ 5.2 ಗ್ರಾಂ ದಾಟದ ಗಾಳಿಯನ್ನೇ ಉಸಿರಾಡಿ ಎಂದು ಈಗ ಸಲಹೆ ಕೊಡುತ್ತಾರೆ. ಸಾಮಾನ್ಯ ಗಾಳಿ 30 ಮೀಟರ್ ಆಸುಪಾಸಿನಲ್ಲೇ ಅಲ್ಲಿಗೆ ಮುಟ್ಟುತ್ತದೆ. ಹೀಲಿಯಂ ಬೆರೆಸುವುದು ಇದಕ್ಕಾಗಿ. ಅದಕ್ಕೆ ಅಮಲಿಲ್ಲ, ತೂಕವೂ ಬಹಳ ಕಡಿಮೆ. ಆದರೆ 150 ಮೀಟರ್ ದಾಟಿ ಬೇಗ ಬೇಗ ಇಳಿದರೆ ಕೈ ನಡುಗುವುದು, ತಲೆ ತಿರುಗುವುದು ಶುರುವಾಗುತ್ತದೆ. ಹೀಲಿಯಂ ಬಂದರೂ ನರಮಂಡಲದ ಮೇಲೆ ಒತ್ತಡದ ಪೆಟ್ಟು ತಪ್ಪುವುದಿಲ್ಲ.

ಇಷ್ಟೆಲ್ಲ ದಾಟಿ ಕೆಳಗೆ ಮುಟ್ಟಿದರೆ ಸಾಲ ಶುರು. ಒತ್ತಡದಲ್ಲಿ ರಕ್ತ, ಕೊಬ್ಬು, ಕೀಲುಗಳು ಕುಡಿದ ಅನಿಲವನ್ನು ನಿಧಾನವಾಗಿ ಹೊರಬಿಡಬೇಕು. ಆತುರಪಟ್ಟರೆ ಸೋಡಾ ಬಾಟಲಿ ತೆರೆದ ಹಾಗೆ ಮೈಯೊಳಗೆ ಗುಳ್ಳೆ. ಮೆಟ್ಟಿಲು ಮೆಟ್ಟಿಲಾಗಿ ನಿಂತು ಬರುವ ಕೋಷ್ಟಕವನ್ನು ಬ್ರಿಟನ್ನಿನ ಜಾನ್ ಸ್ಕಾಟ್ ಹಾಲ್ಡೇನ್ 1908ರಲ್ಲಿ ಪ್ರಕಟಿಸಿದ. ಅವನ ಪ್ರಯೋಗ ನಡೆದದ್ದು ಆಡುಗಳ ಮೇಲೆ.

ಗ್ರಾಂಡೆ ದ್ವೀಪದ ಡೈವಿಂಗ್: ಕಣ್ಣಿಗೆ ಹಬ್ಬ, ಹೊಟ್ಟೆಪಾಡಿಗೆ ಕಷ್ಟ

ಗೋವಾದ ಬೀಚುಗಳಲ್ಲಿ ‘ಸ್ಕೂಬಾ ಮಾಡಿಸ್ತೀವಿ’ ಎಂದು ಕರೆಯುವುದು ಹೆಚ್ಚಾಗಿ ಕಲಿಕೆ ಇಲ್ಲದ ಪರಿಚಯದ ಡೈವ್. ಗುರು ಹಿಂದಿನಿಂದ ಸಿಲಿಂಡರ್ ಹಿಡಿದೇ ಇರುತ್ತಾನೆ, 12 ಮೀಟರಿಗಿಂತ ಕೆಳಗೆ ಇಳಿಸುವಂತಿಲ್ಲ. ಇದರ ಮುಂದಿನದು ಮೂರು ನಾಲ್ಕು ದಿನದ ಓಪನ್ ವಾಟರ್ ಕೋರ್ಸ್, 18 ಮೀಟರಿನವರೆಗೆ. ಅಡ್ವಾನ್ಸ್ಡ್ ಆದರೆ 30. ಮನರಂಜನೆಯ ಡೈವಿಂಗಿನ ಕೊನೆಯ ಗೆರೆ 40.

ಈ 40ನ್ನು ಯಾರೋ ಸುಮ್ಮನೆ ಎಳೆದ ಗೆರೆ ಎಂದುಕೊಳ್ಳಬೇಡಿ. ಪ್ಯಾಡಿ ಎಂಬ ಡೈವಿಂಗ್ ತರಬೇತಿ ಸಂಸ್ಥೆಯ ಕೋಷ್ಟಕದಲ್ಲಿ ಎಲ್ಲೂ ನಿಲ್ಲದೆ ನೇರ ಮೇಲೆ ಬರಬಹುದಾದ ಅವಧಿ 18 ಮೀಟರಿನಲ್ಲಿ 56 ನಿಮಿಷ, 30ರಲ್ಲಿ 20, 40ರಲ್ಲಿ 9. ಅಂದರೆ ಏನೇ ಕೆಟ್ಟರೂ ಮೇಲ್ಮೈಯ ಬಾಗಿಲು ತೆರೆದೇ ಇರುತ್ತದೆ. ಈ ಡೈವಿಂಗಿನ ಇಡೀ ಭದ್ರತೆ ಆ ತೆರೆದ ಬಾಗಿಲಿನಲ್ಲಿದೆ. ನನಗೆ ಇದು ಬಹಳ ಇಷ್ಟ. ಗ್ರಾಂಡೆ ಬಳಿ ನೀರು ಹದಿನೈದು ಮೀಟರ್ ಆಸುಪಾಸು, ಮಣ್ಣುಮಣ್ಣು. ಒಳ್ಳೆಯ ದಿನವೂ ಕೆಲವೇ ಮೀಟರ್ ಕಾಣುತ್ತದೆ. ತಿಳಿನೀರು ಬೇಕಾದರೆ ಮಡಗಾಂವಿನಲ್ಲಿ ಕೊಂಕಣ ರೈಲು ಹತ್ತಿ ಮುರ್ಡೇಶ್ವರದಲ್ಲಿ ಇಳಿದು ನೇತ್ರಾಣಿಗೆ ಹೋಗಿ. ನಮ್ಮದೇ ದಡ, ಹವಳ, ಗಿಳಿಮೀನು, ಅದೃಷ್ಟವಿದ್ದರೆ ಆಮೆ. ಮಳೆಗಾಲದಲ್ಲಿ ಎರಡೂ ಕಡೆ ಬಂದ್.

ಆಳ ಕಡಿಮೆ ಎಂದು ತಾತ್ಸಾರ ಬೇಡ. ಲೋಥಲ್ ಅಗೆದ ನಮ್ಮ ಶಿಕಾರಿಪುರ ರಂಗನಾಥ ರಾವ್ ಗೋವಾದ ದೋನಾಪಾವ್ಲಾದ ರಾಷ್ಟ್ರೀಯ ಸಮುದ್ರವಿಜ್ಞಾನ ಸಂಸ್ಥೆಯಲ್ಲಿ ಕಡಲ ಪುರಾತತ್ವ ವಿಭಾಗ ಕಟ್ಟಿದರು. ಅವರ ತಂಡ ದ್ವಾರಕೆಯ ಕಡಲಲ್ಲಿ ಕಲ್ಲಿನ ಗೋಡೆ, ಲಂಗರುಗಳನ್ನು ಹುಡುಕಿದ್ದು ಬಹುಪಾಲು ಹತ್ತು ಹನ್ನೆರಡು ಮೀಟರಿನೊಳಗಿನ ನೀರಿನಲ್ಲಿ.

ಇಲ್ಲಿ ನನ್ನದೊಂದು ಪೆಟ್ಟಿನ ಕತೆ ಹೇಳಲೇಬೇಕು. ಇಪ್ಪತ್ತಮೂರನೇ ವಯಸ್ಸಿನಲ್ಲಿ ಒಂದು ಭಾನುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ಮೂರು ಡೈವ್ ಮಾಡಿ, ಸಂಜೆಯ ಬಸ್ಸಿಗೆ ಬೆಳಗಾವಿಯ ಅಕ್ಕನ ಮನೆಗೆ ಹೊರಟೆ. ಚೋರ್ಲಾ ಘಾಟಿನ ತಿರುವುಗಳಲ್ಲಿ ಬಲ ಭುಜದೊಳಗೆ ಹಲ್ಲುನೋವಿನಂಥ ನೋವು ಹುಟ್ಟಿತು. ಉಜ್ಜಿದರೂ ಇಲ್ಲ, ಕೈ ಮಡಿಸಿದರೂ ಇಲ್ಲ. ಅಕ್ಕ ಎಣ್ಣೆ ತಿಕ್ಕಿ ಬಿಸಿನೀರು ಹಾಕಿದಳು. ಬೆಳಗ್ಗೆ ಬೆರಳ ತುದಿಗಳು ಜೋಮು ಹಿಡಿದಿದ್ದವು. ಮೊದಲು ತೋರಿಸಿದ ದವಾಖಾನೆಯಲ್ಲಿ ಉಳುಕು ಎಂದು ಗುಳಿಗೆ ಕೊಟ್ಟರು. ಡೈವ್ ಮಾಡಿದ್ದನ್ನು ಅವರು ಕೇಳಲಿಲ್ಲ, ನಾನೂ ಹೇಳಲಿಲ್ಲ. ಕೊನೆಗೆ ಗೆಳೆಯನೊಬ್ಬ ಫೋನಿನಲ್ಲಿ ಗದರಿಸಿ ಚೇಂಬರ್ ಇದ್ದಲ್ಲಿಗೆ ಕರೆಸಿಕೊಂಡ. 18 ಮೀಟರಿನ ಒತ್ತಡಕ್ಕೆ ಒಯ್ದು, ಮುಖಕ್ಕೆ ಆಕ್ಸಿಜನ್ ಮಾಸ್ಕ್ ಕಟ್ಟಿ, ಐದು ಗಂಟೆ ಹತ್ತಿರ ಮಲಗಿಸಿದರು. ಒಳಗೆ ಹೋದ ಹತ್ತೇ ನಿಮಿಷಕ್ಕೆ ನೋವು ಹಿಂಡಿ ತೆಗೆದಂತೆ ಹೋಯಿತು. ಕಿಟಕಿಯಾಚೆ ಒಬ್ಬ ಕಣ್ಣು ಕೀಳದೆ ಗೇಜು ನೋಡುತ್ತ ಕೂತಿದ್ದ. ನಾನು ಈ ಕೆಲಸಕ್ಕೆ ಬಂದದ್ದು ಅವನನ್ನು ನೋಡಿ.

ಬೆಳಗಾವಿ ಸಮುದ್ರ ಮಟ್ಟದಿಂದ 750 ಮೀಟರ್ ಹತ್ತಿರ ಎತ್ತರದಲ್ಲಿದೆ. ಡೈವ್ ಮಾಡಿದವರಿಗೆ 600 ಮೀಟರಿನ ಮೇಲಿನ ಎತ್ತರ ವಿಮಾನ ಹತ್ತಿದ ಲೆಕ್ಕವೇ. ಒಂದೇ ಡೈವ್ ಆದರೆ ಕನಿಷ್ಠ 12 ಗಂಟೆ, ಹಲವು ಡೈವ್ ಆದರೆ 18 ಗಂಟೆ, ನಿಂತು ನಿಂತು ಬರಬೇಕಾದ ಡೈವ್ ಆದರೆ ಒಂದು ದಿನಕ್ಕೂ ಹೆಚ್ಚು ಕಾಯಬೇಕು. ಹುಬ್ಬಳ್ಳಿ, ಬೆಳಗಾವಿ, ಬೆಂಗಳೂರಿನಿಂದ ಬರುವವರೇ, ಡೈವಿಂಗನ್ನು ಪ್ರವಾಸದ ಮೊದಲ ದಿನ ಇಟ್ಟುಕೊಳ್ಳಿ. ಕೊನೆಯ ದಿನ ಚರ್ಚು, ಮಾರ್ಕೆಟ್ಟು ನೋಡಿದರಾಯಿತು.

ಇದನ್ನೇ ಉದ್ಯೋಗ ಮಾಡಿಕೊಳ್ಳಬೇಕೆಂದರೆ ಡೈವ್‌ಮಾಸ್ಟರ್, ಇನ್‌ಸ್ಟ್ರಕ್ಟರ್ ದಾರಿ ಇದೆ. ಸಂಬಳ ಸೀಸನ್ನಿಗೆ ತಕ್ಕಂತೆ. ಜನರೊಂದಿಗೆ ಬೆರೆಯುವ, ಹೆದರಿದವರ ಕೈ ಹಿಡಿಯುವ ಸ್ವಭಾವ ಇದ್ದವರಿಗೆ ಹೇಳಿ ಮಾಡಿಸಿದ್ದು. ಮಳೆಗಾಲದ ನಾಲ್ಕು ತಿಂಗಳಿಗೆ ಬೇರೆ ಆಸರೆ ನೋಡಿಕೊಳ್ಳಿ.

ಟೆಕ್ನಿಕಲ್: ಮುಟ್ಟಬಹುದು, ದುಡಿಯಲಾಗದು

40 ಮೀಟರಿನಾಚೆ ಸ್ಕೂಬಾದಲ್ಲೇ ಹೋಗುವುದನ್ನು ಟೆಕ್ನಿಕಲ್ ಡೈವಿಂಗ್ ಎನ್ನುತ್ತಾರೆ. ಹೀಲಿಯಂ ಬೆರೆತ ಟ್ರೈಮಿಕ್ಸ್, ಹಲವು ಸಿಲಿಂಡರ್ ಅಥವಾ ಬಿಟ್ಟ ಉಸಿರನ್ನೇ ತೊಳೆದು ಮತ್ತೆ ಕೊಡುವ ರಿಬ್ರೀದರ್, ಗಂಟೆಗಟ್ಟಲೆ ಹಗ್ಗ ಹಿಡಿದು ನಿಲ್ಲುವುದು. ಮೇಲ್ಮೈಯ ಬಾಗಿಲು ಇಲ್ಲಿ ಮುಚ್ಚಿರುತ್ತದೆ. ಏನೇ ಕೆಟ್ಟರೂ ನೀರಿನಲ್ಲೇ ಸರಿಪಡಿಸಿಕೊಳ್ಳಬೇಕು.

ಜಾನ್ ಬೆನೆಟ್ 2001ರಲ್ಲಿ ಫಿಲಿಪ್ಪೀನ್ಸ್‌ನಲ್ಲಿ 308 ಮೀಟರ್ ಮುಟ್ಟಿದ. ಸ್ಕೂಬಾದಲ್ಲಿ 300 ದಾಟಿದವರಲ್ಲಿ ಅವನೇ ಮೊದಲಿಗ. 2005ರಲ್ಲಿ ನುನೋ ಗೋಮೆಸ್ ದಹಬ್‌ನಲ್ಲಿ 318.25ಕ್ಕೆ ಹೋದ. ಆಮೇಲೆ ಗಬ್ರ್. ಈ ಮೂವರೂ ಹೋದದ್ದು ಎಲ್ಲಿಯವರೆಗೆ ಹೋಗಬಹುದೆಂದು ನೋಡಲು. ಅದು ಮನುಷ್ಯನ ಸಹಜ ಹಂಬಲ, ನಾನು ಅದನ್ನು ಗೌರವಿಸುತ್ತೇನೆ. ಗುಹೆಯ ನೀರಿನ ದೊಡ್ಡ ಗುರು ಎನಿಸಿದ್ದ ಶೆಕ್ ಎಕ್ಸ್‌ಲಿ 1994ರ ಏಪ್ರಿಲ್‌ನಲ್ಲಿ ಮೆಕ್ಸಿಕೋದ ಸಕತೋನ್ ಎಂಬ ಹೊಂಡದಲ್ಲಿ 260 ಮೀಟರಿಗೂ ಕೆಳಗೆ ಹೋಗಿ ತೀರಿಕೊಂಡ ಎಂಬುದನ್ನೂ ಅದರ ಜೊತೆಗೇ ಹೇಳುತ್ತೇನೆ.

ಹುಡುಗರಿಗೆ ನಾನು ಬಿಡಿಸಿ ಹೇಳುವುದು ಡೇವಿಡ್ ಶಾ ಕತೆ. ದಕ್ಷಿಣ ಆಫ್ರಿಕಾದ ಬೂಸ್ಮನ್ಸ್‌ಗಾಟ್ ಎಂಬ ನೀರುಗುಹೆಯಲ್ಲಿ 1994ರಲ್ಲಿ ಡಿಯೋನ್ ಡ್ರೈಯರ್ ಎಂಬ ಹುಡುಗ ಸತ್ತಿದ್ದ, ಹೆಣ ಸಿಕ್ಕಿರಲಿಲ್ಲ. ಹತ್ತು ವರ್ಷದ ನಂತರ 2004ರ ಅಕ್ಟೋಬರಿನಲ್ಲಿ ಶಾ ರಿಬ್ರೀದರ್ ಹಾಕಿಕೊಂಡು 270 ಮೀಟರಿನ ತಳ ಮುಟ್ಟಿದಾಗ ಅದು ಕಣ್ಣಿಗೆ ಬಿತ್ತು. ಹುಡುಗನ ತಂದೆತಾಯಿಗೆ ಮಗನನ್ನು ತಂದುಕೊಡುತ್ತೇನೆ ಎಂದು 2005ರ ಜನವರಿ 8ರಂದು ಮತ್ತೆ ಇಳಿದ. ಮುಟ್ಟಿದ್ದಾಯಿತು. ಆದರೆ ತಳದಲ್ಲಿ ಅಂಟಿಕೊಂಡಿರುತ್ತದೆ ಎಂದುಕೊಂಡಿದ್ದ ದೇಹ ತೇಲಾಡತೊಡಗಿತು. ಚೀಲದೊಳಗೆ ಸೇರಿಸಲು ಹೆಣಗಿದ. ಕೈದೀಪದ ತಂತಿ ಸುತ್ತಿಕೊಂಡಿತು. ಹೆಣಗಿದಷ್ಟೂ ಏದುಸಿರು, ಆ ದಪ್ಪ ಗಾಳಿಯನ್ನು ಹೊರಗೆ ದೂಡಲಾಗದೆ ಒಳಗೆ ಉಳಿದ ಡೈಆಕ್ಸೈಡ್ ಅವನನ್ನು ಮಲಗಿಸಿತು. ಮೇಲೆ ಹೇಳಿದ ಮೂರನೆಯ ಲೆಕ್ಕ ಇದು. ನಾಲ್ಕು ದಿನದ ನಂತರ ಹಗ್ಗ ಎಳೆಯುವಾಗ ಇಬ್ಬರ ದೇಹಗಳೂ ಮೇಲೆ ಬಂದವು. ಆ ಹುಡುಗನ ಹೆತ್ತವರಿಗೆ ಕೊಟ್ಟ ಮಾತು ಹಾಗೆ ಪೂರ್ತಿಯಾಯಿತು.

270 ಮೀಟರಿನಲ್ಲಿ ಹೋಗಿ ನಿಲ್ಲುವುದು ಬೇರೆ, ಒಂದು ಚೀಲದ ಜಿಪ್ ಎಳೆಯುವುದು ಬೇರೆ. ಟೆಕ್ನಿಕಲ್ ಕೋರ್ಸುಗಳನ್ನು ಹಡಗಿನ ಅವಶೇಷ, ಗುಹೆ, ಸಂಶೋಧನೆ ಇವುಗಳ ಮೇಲೆ ನಿಜವಾದ ಪ್ರೀತಿ ಇದ್ದವರು ಮಾಡಲಿ, ವರ್ಷಗಟ್ಟಲೆ ಅನುಭವದ ಮೇಲೆ ಮಾಡಲಿ. ಕೆಲಸ ಸಿಗುತ್ತದೆಂದು ಮಾಡಬೇಡಿ. ತೈಲ ಕ್ಷೇತ್ರದ ಡೈವಿಂಗಿಗೆ ಸ್ಕೂಬಾ ತಕ್ಕದ್ದಲ್ಲ ಎಂದು ಆ ಉದ್ಯಮದ ಅಂತರರಾಷ್ಟ್ರೀಯ ಸಂಘಟನೆ ಐಎಂಸಿಎ ಸ್ಪಷ್ಟವಾಗಿ ಹೇಳಿದೆ. ಸ್ಕೂಬಾ ಕಾರ್ಡ್ ಎಷ್ಟೇ ದೊಡ್ಡದಿರಲಿ, ಹಡಗಿನ ಡೈವಿಂಗ್ ಸೂಪರ್‌ವೈಸರ್ ಮುಂದೆ ಅದಕ್ಕೆ ಬೆಲೆಯಿಲ್ಲ.

ಹೋಸಿನ ಡೈವರ್

ಕಮರ್ಷಿಯಲ್ ಕೆಲಸದ ಮೊದಲ ಮೆಟ್ಟಿಲು ಏರ್ ಡೈವಿಂಗ್. ತಲೆಗೆ ಹೆಲ್ಮೆಟ್, ಅದಕ್ಕೆ ಮೇಲಿನಿಂದ ಬರುವ ಅಂಬಿಲಿಕಲ್. ಗಾಳಿ, ಮಾತಾಡುವ ತಂತಿ, ಆಳ ತಿಳಿಸುವ ನಳಿಕೆ, ಎಲ್ಲವೂ ಒಂದೇ ಕಟ್ಟಿನಲ್ಲಿ. ದಡದಲ್ಲಿ ಒಬ್ಬ ಟೆಂಡರ್ ಆ ಹೋಸನ್ನು ಕೈಯಲ್ಲೇ ಹಿಡಿದಿರುತ್ತಾನೆ, ಇನ್ನೊಬ್ಬ ಡೈವರ್ ಸಿದ್ಧನಾಗಿ ಕೂತಿರುತ್ತಾನೆ, ಹೋಸು ಕೈಕೊಟ್ಟರೆ ಎಂದು ಬೆನ್ನ ಮೇಲೆ ಬೇಲ್‌ಔಟ್ ಸಿಲಿಂಡರ್ ಇರುತ್ತದೆ. ಮಿತಿ 50 ಮೀಟರ್. ಜೆಟ್ಟಿ ಕಂಬ, ಅಣೆಕಟ್ಟಿನ ಗೇಟು, ಹಡಗಿನ ತಳ, ಬಂದರಿನ ಪೈಪು, ಈ ದೇಶದ ಬಹುಪಾಲು ಕೆಲಸ ಇಷ್ಟರಲ್ಲೇ ಇದೆ.

ಆಳ ಕಡಿಮೆ, ಕಷ್ಟ ಕಡಿಮೆಯಲ್ಲ. 2013ರ ಆಗಸ್ಟ್ 14ರಂದು ಮುಂಬೈ ನೌಕಾ ಡಾಕ್‌ಯಾರ್ಡಿನಲ್ಲಿ ಸಿಂಧುರಕ್ಷಕ್ ಜಲಾಂತರ್ಗಾಮಿ ಸ್ಫೋಟಗೊಂಡು ಮುಳುಗಿ 18 ಜನ ತೀರಿಕೊಂಡಾಗ, ನೌಕಾಪಡೆಯ ಡೈವರ್‌ಗಳು ಕೈ ಚಾಚಿದರೆ ಕೈ ಕಾಣದ ಕೆಸರುನೀರಿನಲ್ಲಿ, ಬಾಗಿದ ಕಬ್ಬಿಣದ ನಡುವೆ ತಡವರಿಸಿ ಹುಡುಕಿದರು. ಅದು ಬಂದರಿನ ನೀರು, ಕೆಲವೇ ಮೀಟರ್ ಆಳದ್ದು. ಅಣೆಕಟ್ಟಿನಲ್ಲಿ ಇನ್ನೊಂದು ಅಪಾಯ. ಗೇಟಿನ ಒಂದು ಪಕ್ಕ ನೀರು ಹೆಚ್ಚು, ಇನ್ನೊಂದು ಪಕ್ಕ ಕಡಿಮೆ ಇದ್ದರೆ ನಡುವಿನ ಸಣ್ಣ ಬಿರುಕೂ ಮನುಷ್ಯನನ್ನು ಎಳೆದು ಹಿಡಿಯುತ್ತದೆ, ಬಿಡಿಸಲು ಯಾವ ಬಲವೂ ಸಾಲದು. ಕೆಲಸಕ್ಕೆ ಇಳಿಯುವ ಮುಂಚೆ ಎರಡೂ ಕಡೆಯ ನೀರಿನ ಮಟ್ಟ ಕೇಳದ ಸೂಪರ್‌ವೈಸರ್ ಕೈಕೆಳಗೆ ಇಳಿಯಬೇಡಿ.

ಸ್ಯಾಟ್

ಈಗ ನನ್ನ ಮನೆಯ ವಿಷಯ. ಕಡಲೆ ನೆನೆಹಾಕಿದರೆ ಮೊದಲ ಕೆಲವು ಗಂಟೆ ನೀರು ಕುಡಿಯುತ್ತದೆ. ಪೂರ್ತಿ ನೆನೆದ ಮೇಲೆ ಇನ್ನೆರಡು ದಿನ ಇಟ್ಟರೂ ಹೆಚ್ಚು ಕುಡಿಯುವುದಿಲ್ಲ. ಮೈಯೂ ಹಾಗೆಯೇ. ಒಂದು ಆಳದಲ್ಲಿ ಅನಿಲ ಪೂರ್ತಿ ತುಂಬಿದ ಮೇಲೆ ಒಂದು ದಿನ ಇದ್ದರೂ ಒಂದು ತಿಂಗಳು ಇದ್ದರೂ ಹಿಂತಿರುಗುವ ಸಾಲ ಅಷ್ಟೇ. ಅಮೆರಿಕದ ನೌಕಾಪಡೆಯ ವೈದ್ಯ ಜಾರ್ಜ್ ಬಾಂಡ್ 1957ರಿಂದ ಇದನ್ನು ಮೊದಲು ಪ್ರಾಣಿಗಳ ಮೇಲೆ, ಆಮೇಲೆ ಮನುಷ್ಯರ ಮೇಲೆ ಪರೀಕ್ಷಿಸಿದ. 1965ರಲ್ಲಿ ವರ್ಜೀನಿಯಾದ ಸ್ಮಿತ್ ಮೌಂಟನ್ ಅಣೆಕಟ್ಟಿನ ರಿಪೇರಿಯಲ್ಲಿ ಇದು ಮೊದಲ ಬಾರಿ ಹೊಟ್ಟೆಪಾಡಿನ ಕೆಲಸಕ್ಕೆ ಬಂತು.

ಹಾಗಾಗಿ ಡೈವರ್‌ಗಳನ್ನು ಹಡಗಿನ ಮೇಲಿನ ಚೇಂಬರಿನಲ್ಲೇ ಕೆಲಸದ ಆಳದ ಒತ್ತಡಕ್ಕೆ ಏರಿಸಿ ವಾರಗಟ್ಟಲೆ ಇರಿಸುತ್ತೇವೆ. ಬಸ್ಸಿನ ಅರ್ಧದಷ್ಟು ಜಾಗ, ಆರು ಜನ, ಬಂಕ್ ಹಾಸಿಗೆ. ಕೆಲಸಕ್ಕೆ ಅದೇ ಒತ್ತಡದ, ಬೆಲ್ ಎಂಬ ಸಣ್ಣ ಉಕ್ಕಿನ ಗೂಡು ಹತ್ತಿ ಕಡಲ ತಳಕ್ಕೆ ಇಳಿಯುವುದು, ಮುಗಿದ ಮೇಲೆ ಬೆಲ್‌ನಲ್ಲೇ ಚೇಂಬರಿಗೆ ವಾಪಸ್. ಉಸಿರಾಡುವುದು ಹೀಲಿಯಂ ಮತ್ತು ಆಕ್ಸಿಜನ್. ಹೀಲಿಯಂ ಮೈಯ ಬಿಸಿಯನ್ನು ಗಾಳಿಗಿಂತ ಆರು ಪಟ್ಟು ಬೇಗ ಕದಿಯುತ್ತದೆ. ಚೇಂಬರನ್ನು 30 ಡಿಗ್ರಿ ಹತ್ತಿರ ಇಡದಿದ್ದರೆ ಹೊದ್ದು ಮಲಗಿದವನೂ ನಡುಗುತ್ತಾನೆ. ನೀರಿನಲ್ಲಿ ಸೂಟಿನೊಳಗೆ ಬಿಸಿನೀರು ಹರಿಯುತ್ತಲೇ ಇರಬೇಕು. ದನಿ ಬಾತುಕೋಳಿಯಂತಾಗುತ್ತದೆ, ಅದನ್ನು ತಿದ್ದಿ ಕೇಳಿಸುವ ಯಂತ್ರ ನಮ್ಮ ಪ್ಯಾನೆಲ್ ಮೇಲಿತ್ತು. ಕೆಲವು ವರ್ಷಗಳ ನಂತರ ನನಗೆ ಅದಿಲ್ಲದೆಯೂ ಅರ್ಥವಾಗುತ್ತಿತ್ತು.

ಊಟ ಕಳಿಸುವುದು ಮೆಡಿಕಲ್ ಲಾಕ್ ಎಂಬ ಸಣ್ಣ ಎರಡು ಬಾಗಿಲಿನ ಗೂಡಿನ ಮೂಲಕ. ಮುಚ್ಚಳ ಬಿಗಿದ ಡಬ್ಬಿ ಒಳಗೆ ಹೋದರೆ ಒತ್ತಡಕ್ಕೆ ಮುದ್ದೆಯಾಗುತ್ತದೆ. ಅದಕ್ಕೆ ಪ್ರತಿ ಬಾಟಲಿಯ ಮುಚ್ಚಳ ಅರ್ಧ ತಿರುವು ಸಡಿಲ ಮಾಡಿ ಕಳಿಸಬೇಕು. ಒಳಗಿದ್ದವರ ನಾಲಿಗೆ ಸಪ್ಪೆಯಾಗುತ್ತದೆ. ಅಂಕೋಲೆಯ ಒಬ್ಬ ಡೈವರ್ ಎರಡನೇ ವಾರಕ್ಕೆ “ಅಣ್ಣಾ, ಅಪ್ಪೆಮಿಡಿ ಇದ್ರೆ ಕಳ್ಸು ಮಾರಾಯಾ, ಬಾಯಿ ಸತ್ತೋಗಿದೆ” ಅನ್ನುತ್ತಿದ್ದ. ಊರಿಂದ ತಂದ ಭರಣಿಯಿಂದ ನಾಲ್ಕು ಮಿಡಿ ಬಟ್ಟಲಿಗೆ ಹಾಕಿ, ಲಾಕಿನಲ್ಲಿಟ್ಟು, ಹೊರಬಾಗಿಲು ಭದ್ರವಾಯಿತೆಂದು ಎರಡು ಸಲ ನೋಡಿ, ವಾಲ್ವ್ ನಿಧಾನ ತಿರುಗಿಸುತ್ತಿದ್ದೆ. ಕಿಟಕಿಯ ದಪ್ಪ ಗಾಜಿನಾಚೆ ಅವನು ಬೆರಳು ನೆಕ್ಕುವುದು ಕಾಣುತ್ತಿತ್ತು. ನಮ್ಮ ನಡುವೆ ಇದ್ದದ್ದು ಎರಡು ಅಡಿ. ಆದರೆ ಅವನು ನನ್ನ ಪಕ್ಕಕ್ಕೆ ಬರಬೇಕಾದರೆ ಮೂರೂವರೆ ದಿನ.

ಎರಡು ಅಡಿಯ ಆ ದೂರವೇ ಸ್ಯಾಟ್. ಒಳಗಿರುವಾಗ ಅಪೆಂಡಿಕ್ಸ್ ನೋವು ಬರಲಿ, ಮನೆಯಲ್ಲಿ ಸಾವಾಗಲಿ, ಬಾಗಿಲು ತೆರೆಯುವುದಿಲ್ಲ. ಸುಮಾರು 30 ಮೀಟರಿಗೆ ಒಂದು ದಿನ, ಅದರ ಮೇಲೆ ಒಂದು ದಿನ, ಇದು ನಾವು ಬಾಯಿಲೆಕ್ಕಕ್ಕೆ ಹಿಡಿಯುವ ಅಂದಾಜು. 2005ರ ಜುಲೈ 27ರಂದು ಮುಂಬೈ ಹೈ ನಾರ್ತ್ ಪ್ಲಾಟ್‌ಫಾರ್ಮಿಗೆ ‘ಸಮುದ್ರ ಸುರಕ್ಷಾ’ ಎಂಬ ಹಡಗು ತಾಗಿ ಅನಿಲದ ಕೊಳವೆ ಒಡೆದು ಬೆಂಕಿ ಹತ್ತಿತು. ಹಡಗು ಹತ್ತಿರ ಬಂದದ್ದು ಗಾಯಗೊಂಡ ಅಡುಗೆಯವನನ್ನು ಪ್ಲಾಟ್‌ಫಾರ್ಮಿಗೆ ದಾಟಿಸಲು. 22 ಜನ ಹೋದರು. ಹಡಗಿಗೂ ಬೆಂಕಿ ಹತ್ತಿ ಎಲ್ಲರೂ ಬಿಟ್ಟಿಳಿದರು. ಹಡಗಿನ ಒತ್ತಡದ ಚೇಂಬರಿನಲ್ಲಿದ್ದ ಆರು ಡೈವರ್‌ಗಳು ಇಳಿಯುವಂತಿರಲಿಲ್ಲ. ಸುಮಾರು 36 ಗಂಟೆಯ ನಂತರ ಅವರನ್ನು ಪಾರು ಮಾಡಿದರು. ಆ ದಿನಗಳನ್ನು ನಮ್ಮ ಕಸುಬಿನವರು ಇವತ್ತಿಗೂ ದನಿ ತಗ್ಗಿಸಿ ಮಾತಾಡುತ್ತಾರೆ. ಯಾವ ಹಡಗಿಗೆ ಕರೆದರೂ ಮೊದಲು ಕೇಳಿ: ಚೇಂಬರಿನಿಂದ ಒತ್ತಡ ಕಳೆಯದೆಯೇ ಹತ್ತಬಹುದಾದ ಲೈಫ್‌ಬೋಟ್ ಇದೆಯೇ? ಅದರ ಡ್ರಿಲ್ ಕೊನೆಗೆ ಯಾವಾಗ ನಡೆಯಿತು?

1983ರಲ್ಲಿ ನಾರ್ವೆಯ ಕಡಲಿನ ಬೈಫೋರ್ಡ್ ಡಾಲ್ಫಿನ್ ರಿಗ್‌ನಲ್ಲಿ ಚೇಂಬರಿನ ಬಾಗಿಲು ಪೂರ್ತಿ ಮುಚ್ಚುವ ಮೊದಲೇ ಹೊರಗಿನ ಕ್ಲಾಂಪ್ ತೆರೆದು ನಾಲ್ವರು ಡೈವರ್‌ಗಳು, ಒಬ್ಬ ಟೆಂಡರ್ ಕ್ಷಣದಲ್ಲಿ ಸತ್ತರು. ನಾನು ಬಾಗಿಲನ್ನು ಎರಡು ಸಲ ನೋಡುತ್ತಿದ್ದದ್ದು ಅದಕ್ಕೇ. ಇನ್ನೊಂದು ಕತೆ ಧೈರ್ಯ ಕೊಡುವಂಥದ್ದು. 2012ರಲ್ಲಿ ನಾರ್ತ್ ಸೀಯಲ್ಲಿ ಹಡಗು ತನ್ನ ಜಾಗ ಬಿಟ್ಟು ಸರಿದು, 90 ಮೀಟರ್ ಆಳದಲ್ಲಿದ್ದ ಕ್ರಿಸ್ ಲೆಮನ್ಸ್‌ನ ಅಂಬಿಲಿಕಲ್ ಕಡಿದುಹೋಯಿತು. ಬೆನ್ನ ಮೇಲಿದ್ದದ್ದು ಐದು ನಿಮಿಷದ ಗಾಳಿ. ಅರ್ಧ ಗಂಟೆಗೂ ಹೆಚ್ಚು ಹೊತ್ತಿನ ನಂತರ ಒಬ್ಬ ಜೊತೆಗಾರ ಅವನನ್ನು ಬೆಲ್‌ಗೆ ಎಳೆತಂದ, ಬೆಲ್‌ನಲ್ಲಿದ್ದ ಇನ್ನೊಬ್ಬ ಉಸಿರು ತುಂಬಿದ. ಲೆಮನ್ಸ್ ಬದುಕಿದ. ಸ್ಕೂಬಾದವನಿಗೆ ಇಂಥ ಜೊತೆಗಾರ, ಇಂಥ ಬೆಲ್, ಇಂಥ ಹಡಗು ಸಿಗುವುದಿಲ್ಲ.

ಇಷ್ಟೆಲ್ಲ ಏರ್ಪಾಟು ಇರುವುದರಿಂದಲೇ ಸ್ಯಾಟ್ ಡೈವರ್ ಆಳದಲ್ಲಿ ದುಡಿಯಬಲ್ಲ. 1981ರಲ್ಲಿ ಬ್ಯಾರೆಂಟ್ಸ್ ಸಮುದ್ರದ 245 ಮೀಟರ್ ಆಳದಲ್ಲಿ ಮುಳುಗಿದ್ದ ಎಡಿನ್‌ಬರೋ ಯುದ್ಧನೌಕೆಯೊಳಗೆ ನುಗ್ಗಿ 465 ಚಿನ್ನದ ಗಟ್ಟಿಗಳಲ್ಲಿ 431ನ್ನು ಕೈಯಾರೆ ಎತ್ತಿ ಕಳಿಸಿದರು. 1988ರಲ್ಲಿ ಫ್ರಾನ್ಸಿನ ಕೊಮೆಕ್ಸ್ ಕಂಪನಿಯ ಡೈವರ್‌ಗಳು ಮಾರ್ಸೇ ಕಡಲಲ್ಲಿ 534 ಮೀಟರಿನಲ್ಲಿ ಪೈಪ್ ಜೋಡಿಸಿ ತೋರಿಸಿದರು. 1992ರಲ್ಲಿ ಅದೇ ಕಂಪನಿಯ ಥಿಯೋ ಮಾವ್ರೋಸ್ತೋಮೋಸ್ ದಡದ ಚೇಂಬರಿನಲ್ಲಿ 701 ಮೀಟರಿನ ಒತ್ತಡ ತಾಳಿಕೊಂಡ. ಆ ಆಳಕ್ಕೆ ಹೀಲಿಯಂ ಕೂಡ ದಪ್ಪವಾಗಿ, ಅದರ ಅರ್ಧ ತೂಕದ ಹೈಡ್ರೋಜನ್ ಬೆರೆಸಬೇಕಾಯಿತು. ಆದರೆ ದಿನನಿತ್ಯದ ಕೆಲಸ ಆ ಆಳಕ್ಕೆ ಹೋಗಲೇ ಇಲ್ಲ. ಇಂದಿಗೂ ಅದು 300 ಮೀಟರಿನೊಳಗೇ ಇದೆ. ನಮ್ಮ ನೌಕಾಪಡೆಗೆ 2025ರಲ್ಲಿ ಸೇರಿದ ನಿಸ್ತಾರ್ ಹಡಗಿನ ಸ್ಯಾಟ್ ವ್ಯವಸ್ಥೆಯೂ 300 ಮೀಟರಿನವರೆಗಿನದು. ಕಾರಣ, ರೋಬೋ ಬಂತು. ಕೃಷ್ಣಾ ಗೋದಾವರಿ ಕಣಿವೆಯ ಸಾವಿರ ಮೀಟರ್ ಆಳದ ಬಾವಿಗಳಲ್ಲಿ ಆರ್‌ಒವಿಗಳೇ, ಅಂದರೆ ಮೇಲಿನಿಂದ ನಡೆಸುವ ಆ ರೋಬೋಗಳೇ ಕೆಲಸಗಾರರು.

ಒತ್ತಡವನ್ನು ಮೈಗೆ ತಾಗಿಸಿಕೊಳ್ಳದೆ ಹೋಗುವ ದಾರಿ ಹಳೆಯದು. ಲಂಡನ್ನಿನಿಂದ ಬಾಂಬೆಗೆ ಚಿನ್ನ ಬೆಳ್ಳಿ ಹೊತ್ತು ಬರುತ್ತಿದ್ದ ಈಜಿಪ್ಟ್ ಎಂಬ ಹಡಗು 1922ರಲ್ಲಿ ಫ್ರಾನ್ಸ್ ತೀರದಾಚೆ ಮುಳುಗಿತು. ಇಟಲಿಯವರು 1932ರಲ್ಲಿ ಉಕ್ಕಿನ ಕೊಳಗದೊಳಗೆ ಒಬ್ಬನನ್ನು ಕೂರಿಸಿ ನೂರು ಮೀಟರಿಗೂ ಕೆಳಗೆ ಇಳಿಸಿದರು. ಅವನು ಕಿಟಕಿಯಿಂದ ನೋಡಿ ಫೋನಿನಲ್ಲಿ ಹೇಳಿದಂತೆ ಮೇಲಿನಿಂದ ಕೊಕ್ಕೆ ಬಿಟ್ಟು ಚಿನ್ನ ಎತ್ತಿದರು. ಅದೇ ಬಗೆಯ ಗಟ್ಟಿ ಸೂಟು ತೊಟ್ಟು 2006ರಲ್ಲಿ ಅಮೆರಿಕದ ನೌಕಾಪಡೆಯ ಡೈವರ್ 610 ಮೀಟರಿಗೆ ಹೋಗಿ ಬಂದ. ಸಾಲವೇ ಇಲ್ಲ. ಇದು ನೌಕಾಪಡೆಗಳ, ದೊಡ್ಡ ಕಂಪನಿಗಳ ದಾರಿ. ಆದರೆ ಎಲೆಕ್ಟ್ರಾನಿಕ್ಸ್ ಕಲಿತ ಮಕ್ಕಳಿದ್ದರೆ ಆರ್‌ಒವಿ ಪೈಲಟ್ ಕೆಲಸದತ್ತ ಕಣ್ಣಿಡಲಿ.

ಯಾರಿಗೆ ಯಾವುದು

ಕಡಲು ನೋಡುವ ಆಸೆ ಮಾತ್ರ ಇದ್ದರೆ ಓಪನ್ ವಾಟರ್ ಮಾಡಿ, 18 ಮೀಟರಿನಲ್ಲಿ ಸುಖವಾಗಿರಿ. ಬಹುಪಾಲು ಜನರಿಗೆ ಇಷ್ಟೇ ಸಾಕು, ಇದರಲ್ಲಿ ಯಾವ ಕೊರತೆಯೂ ಇಲ್ಲ. ಕೈಕಸುಬು ಇದ್ದು, ಸಂಬಳ ಮುಖ್ಯವಾದರೆ ಐಎಂಸಿಎ ಒಪ್ಪುವ ಏರ್ ಡೈವಿಂಗ್ ಸರ್ಟಿಫಿಕೇಟ್ ಕೊಡುವ ಶಾಲೆಯನ್ನೇ ಹುಡುಕಿ. ಕಾಗದದಲ್ಲಿ ‘ಕಮರ್ಷಿಯಲ್’ ಎಂದು ಬರೆದ ಮಾತ್ರಕ್ಕೆ ಹಣ ಕಟ್ಟಬೇಡಿ. ನೇರ ಸ್ಯಾಟ್ ಮಾಡಿಸುತ್ತೇನೆ ಎನ್ನುವವರನ್ನು ನಂಬಬೇಡಿ, ಏರ್ ಡೈವಿಂಗಿನ ಅನುಭವ ಇಲ್ಲದೆ ಬೆಲ್ ಹತ್ತಿಸುವುದಿಲ್ಲ. ಇಕ್ಕಟ್ಟು ಜಾಗ ಆಗದವರು, ಸಿಟ್ಟು ಬೇಗ ಬರುವವರು ಸ್ಯಾಟ್ ಕಡೆ ಬರಲೇಬೇಡಿ. ಮೂಳೆ ಒಳಗೊಳಗೇ ಸಾಯುವುದು ಈ ಕಸುಬಿನ ಗುಪ್ತ ಕಾಯಿಲೆ. ಮೊದಲ ವರ್ಷದ ಸೊಂಟ, ಭುಜದ ಎಕ್ಸ್‌ರೇ ತೆಗೆಸಿ ಜೋಪಾನವಾಗಿ ಇಟ್ಟುಕೊಳ್ಳಿ, ಮುಂದೆ ಹೋಲಿಸಲು ಬೇಕು.

ಯಾವ ದಾರಿಗಾದರೂ ಫೀಸಿಗಿಂತ ಮೊದಲು ಮೆಡಿಕಲ್. ಶ್ವಾಸಕೋಶ ಒಮ್ಮೆ ತಾನಾಗಿ ಕುಸಿದಿದ್ದರೆ, ಫಿಟ್ಸ್ ಇದ್ದರೆ ಅಲ್ಲಿಗೇ ಬಿಡಬೇಕು.

ಗದಗದ ಹುಡುಗ ಎಲ್ಲ ಕೇಳಿಸಿಕೊಂಡು ಬಹಳ ಹೊತ್ತು ಸುಮ್ಮನಿದ್ದ. ಆಮೇಲೆ, “ಕಾಕಾ, ಆ ಲಾಕ್ ಬಾಗಲಾ ನೋಡ್ಕೊಳ್ಳೋ ಕೆಲಸಕ್ಕ ಏನು ಓದಬೇಕ್ರಿ?” ಅಂದ. ಡೈವರ್ ಆಗಬೇಕೆಂದು ಬಂದವನು ಅದನ್ನು ಕೇಳಿದ್ದು ನನಗೆ ಅಚ್ಚರಿ. ಎರಡನ್ನೂ ನೋಡೋಣ ತಮ್ಮಾ, ಮೊದಲು ನಿನ್ನ ಕಿವಿ ತೋರಿಸೋಣ ಅಂದೆ. ಚಿಕ್ಕಂದಿನಲ್ಲಿ ಬಲಗಿವಿ ಸೋರುತ್ತಿತ್ತಂತೆ. ಗುರುವಾರ ಇಎನ್‌ಟಿ ಡಾಕ್ಟರ ಹತ್ತಿರ ಇಬ್ಬರೂ ಹೋಗುತ್ತಿದ್ದೇವೆ.